ಹಿಂದಿನ ಸಾಲಿಗೂ ಕಂಡ ಕಬಡ್ಡಿ

ಶ್ರೀಮತಿ ರಾಧಾಮಣಿಯವರು ಯಲಹಂಕದ ನಮ್ಮ ಕಾಲೇಜಿನ ಮೈದಾನದಲ್ಲಿ ನಿಂತು ಸೀಟಿ ಊದಿದರೆಂದರೆ, ವಾಯುನೆಲೆಗೆ ಇಳಿಯಲು ಬರುತ್ತಿದ್ದ ವಿಮಾನಗಳು ಆಕಾಶದಲ್ಲೇ ಗಕ್ಕನೆ ನಿಂತು, ಅವರು ಎರಡನೆಯ ಸೀಟಿ ಊದುವವರೆಗೂ ಚಕ್ರ ಮಡಚಿಕೊಂಡು ಕಾಯುತ್ತಿದ್ದವು. ಅದೇ ಸೀಟಿಗೆ ಹೆಬ್ಬಾಳದ ಮೇಲ್ಸೇತುವೆಯ ಮೇಲಿನ ವಾಹನಗಳೆಲ್ಲ ಸಾಲು ಹಿಡಿದು, ಹಾರನ್ ಬಾರಿಸದೆ, ಶಾಲಾ ಮಕ್ಕಳಂತೆ ಒಂದರ ಹಿಂದೊಂದು ಸಾಗಿದ್ದನ್ನು ಕಣ್ಣಾರೆ ಕಂಡವರಿದ್ದಾರೆ. ಅವರ ಹೆಸರು ವಿಳಾಸ ಕೇಳುವುದು ಮಾತ್ರ ಸಭ್ಯತೆಯಲ್ಲ.

ದೈಹಿಕ ಶಿಕ್ಷಣದ ಕ್ಷೇತ್ರದಲ್ಲಿ ಒಳ್ಳೆಯ ಆಟಗಾರರನ್ನು ರೂಪಿಸಿದ ಮಹನೀಯರು ಬಹಳ ಮಂದಿ ಇದ್ದಾರೆ. ಪದಕಗಳ ಭಾರಕ್ಕೆ ಬೀರು ಬಾಗಿದ ಕಾಲೇಜುಗಳೂ ಇವೆ. ಆದರೆ ಆಡುವವರಿಗೆ ತರಬೇತುದಾರರಿದ್ದಾರೆ, ಆಡಿಸುವವರಿಗೆ ನಿಯಮವಿದೆ, ನೋಡಲು ಬಂದವರಿಗೆ ಯಾರಿದ್ದಾರೆ ಎಂಬ ಪ್ರಶ್ನೆಯನ್ನು ತಮ್ಮ ವೃತ್ತಿಯ ಮೊದಲ ದಿನವೇ ಕೇಳಿಕೊಂಡು, ನಿವೃತ್ತಿಯ ದಿನದವರೆಗೂ ಅದಕ್ಕೆ ಉತ್ತರವಾಗಿ ಬಾಳಿದವರು, ಈ ಲೇಖಕ ಬಲ್ಲಂತೆ, ರಾಧಾಮಣಿಯವರೊಬ್ಬರೇ. ನಮ್ಮ ವಾರ್ಷಿಕ ಕಬಡ್ಡಿ ಪಂದ್ಯಾವಳಿಯ ಬಾಗಿಲು ಊರಿನವರಿಗೆ ತೆರೆದಿರಬೇಕೆಂಬುದು ಅವರ ಹಟವಾಗಿತ್ತು. ಸೇವೆಯ ಕಡೆಯ ವರ್ಷದಲ್ಲಿ ಆ ಬಾಗಿಲನ್ನೇ ಮುಚ್ಚುವ ಮಾತು ಬಂತು. ಅದು ಮುಚ್ಚಿತೇ ಇಲ್ಲವೇ ಎಂಬುದಕ್ಕೆ ಹೋಗುವ ಮುನ್ನ, ಅದು ಹೇಗೆ ತೆರೆಯಿತೆಂದು ಹೇಳಬೇಕು.

ರಾಧಾಮಣಿಯವರು ಯಲಹಂಕದ ಹಳೇ ಊರಿನವರು. ತಂದೆ ಚಿಕ್ಕಮುನಿಯಪ್ಪನವರು ದ್ರಾಕ್ಷಿ ತೋಟ ನೋಡಿಕೊಂಡಿದ್ದವರು. ಆ ತೋಟದ ಒಂದೊಂದು ಹಣ್ಣೂ ತೆಂಗಿನಕಾಯಿಯಷ್ಟಿತ್ತು. ಬಾಲೆ ರಾಧಾಮಣಿ ತಂದೆಯ ಕೈ ಹಿಡಿದು ರೈಲ್ವೆ ನಿಲ್ದಾಣದ ಆಚೆಯ ಬಯಲಿನಲ್ಲಿ ತಮ್ಮ ಜೀವನದ ಮೊದಲ ಕಬಡ್ಡಿ ಪಂದ್ಯ ನೋಡಲು ಹೋದರಂತೆ. ಇಡೀ ಸಂಜೆಯಲ್ಲಿ ಅವರಿಗೆ ಕಂಡದ್ದು ಒಂದು ಚೌಕಳಿ ಲುಂಗಿ ಮತ್ತು ಅದರಾಚೆ ಎದ್ದ ಧೂಳು. ಮನೆಗೆ ಬಂದ ಮೇಲೆ ತಾಯಿ, ಆಟ ಹೇಗಿತ್ತೆಂದು ಕೇಳಿದಾಗ, "ನೀಲಿ ಬಣ್ಣ, ಬಿಳಿ ಗೆರೆ" ಎಂದು ಹೇಳಿ ಮಲಗಿದರಂತೆ. ಮುಂದೆ ಅವರೇ ಕಬಡ್ಡಿ ಆಡಿದರು, ಜಿಲ್ಲಾ ತಂಡದಲ್ಲಿ ಹೆಸರು ಮಾಡಿದರು, ಓದಿದರು, ನಮ್ಮ ಕಾಲೇಜಿಗೆ ದೈಹಿಕ ಶಿಕ್ಷಣ ನಿರ್ದೇಶಕರಾಗಿ ಬಂದರು. ಆದರೆ ಆ ಲುಂಗಿ ಅವರ ಕಣ್ಣ ಮುಂದಿನಿಂದ ಸರಿಯಲೇ ಇಲ್ಲ.

ಅವರು ಸೇರಿದ ವರ್ಷದ ಪಂದ್ಯಾವಳಿ ಹೀಗಿತ್ತು: ಅಂಕಣದ ಗೆರೆಗೆ ತಾಗಿದಂತೆ ಗಣ್ಯರ ಸೋಫಾಗಳು, ಅವುಗಳ ಬೆನ್ನಿಗೆ ಬಿಳಿ ಟರ್ಕಿ ಟವೆಲ್ಲು, ಮುಂದೆ ಹೂದಾನಿಯಿಟ್ಟ ಮೇಜು, ಸೋಫಾಗಳ ಹಿಂದೆ ಅಧ್ಯಾಪಕರ ಪ್ಲಾಸ್ಟಿಕ್ ಕುರ್ಚಿ, ಕುರ್ಚಿಗಳ ಹಿಂದೆ ಹಗ್ಗ, ಹಗ್ಗದ ಹಿಂದೆ ಯಲಹಂಕ. ಪಂದ್ಯದ ನಡುವೆ ಯಾವ ಗಣ್ಯರು ಬಂದರೂ ಆಟ ನಿಲ್ಲಿಸಿ ಶಾಲು ಹೊದಿಸುವ ಪದ್ಧತಿ. ಒಮ್ಮೆ ರೈಡರ್ ಒಬ್ಬ ಎದುರಾಳಿಯ ಅಂಕಣದಲ್ಲಿ ಒಂದು ಕಾಲು ಎತ್ತಿದ್ದಾಗಲೇ ಇಂಥ ಗಣ್ಯರು ಬಂದುಬಿಟ್ಟರು. ಅವನು ಎತ್ತಿದ ಕಾಲು ಇಳಿಸದೆ, ಹಿಡಿದ ಉಸಿರು ಬಿಡದೆ, ಸ್ವಾಗತ ಭಾಷಣದಿಂದ ವಂದನಾರ್ಪಣೆಯವರೆಗೆ ನಿಂತೇ ಇದ್ದ ಎಂದು ಈ ಲೇಖಕ ಹೇಳಿದರೆ ಆಗ ಮೈದಾನದಲ್ಲಿದ್ದವರು ನಗಬಹುದು, ಆದರೆ ಪೂರ್ತಿಯಾಗಿ ಅಲ್ಲಗಳೆಯಲಾರರು.

ಆ ವರ್ಷ ಅರ್ಧ ಆಟ ಮುಗಿಯುತ್ತಿದ್ದಂತೆ ಹೆಂಗಸರೆಲ್ಲ ಎದ್ದು ಹೊರಟದ್ದನ್ನು ರಾಧಾಮಣಿಯವರು ಗಮನಿಸಿದರು. ಅವರಲ್ಲಿ ವರಲಕ್ಷ್ಮಮ್ಮನವರೂ ಇದ್ದರು. ಕಾಲೇಜಿನ ಕಾಂಪೌಂಡಿಗೆ ಒತ್ತಿಕೊಂಡ ಬೀದಿಯಲ್ಲಿ ಎರಡು ಕೋಣೆ ಬಾಡಿಗೆಗೆ ಕೊಟ್ಟು ಬದುಕುತ್ತಿದ್ದ, ನಿಂತರೂ ಕೂತರೂ ಒಂದೇ ಎತ್ತರ ಕಾಣುವ, ಕಬಡ್ಡಿಯೆಂದರೆ ಒಲೆ ಆರಿಸಿ ಓಡಿಬರುವ ತಾಯಿ ಅವರು.

"ಯಾಕಮ್ಮ ಹೊರಟ್ರಿ? ಈಗ ತಾನೆ ಆಟ ಕಾವೇರ್ತಾ ಇದೆ," ಎಂದರು ರಾಧಾಮಣಿ.

"ಆಟ ಕಾವೇರ್ತೈತೆ ಕಣವ್ವ, ನಮ್ ಕಷ್ಟ ಯಾರ್ಗ್ ಯೋಳಾನ? ಗಂಡಸ್ರಾದ್ರೆ ಗೋಡೆ ಪಕ್ಕ ಓಯ್ತಾರೆ. ನಾವ್ ಎಲ್ಲಿಗ್ ಓಗಾನ? ಮನೇಗ್ ಓದ್ಮ್ಯಾಲೆ ಮತ್ತೆ ಬರಾಕ್ ಆಯ್ತದಾ? ಒಲೆ ಕರೀತದೆ, ಮಕ್ಳು ಕರೀತವೆ."

ರಾಧಾಮಣಿಯವರು ನೇರ ಪ್ರಾಂಶುಪಾಲರ ಕೊಠಡಿಗೆ ಹೋಗಿ ಮಹಿಳಾ ಸಿಬ್ಬಂದಿಯ ಶೌಚಾಲಯದ ಬೀಗದ ಕೈ ಕೇಳಿದರು. ಹೊರಗಿನವರಿಗೆಲ್ಲ ಹೇಗೆ ಕೊಡುವುದು ಎಂದು ಅಂದಿನ ಪ್ರಾಂಶುಪಾಲರು ಅನುಮಾನಿಸಿದರು.

"ಚಪ್ಪಾಳೆ ಬೇಕಾದಾಗ ನಮ್ಮೂರಿನವರು, ಬೀಗ ತೆಗೀಬೇಕಾದಾಗ ಹೊರಗಿನವರಾ ಸಾರ್?" ಎಂದರಂತೆ ಇವರು. ಆ ಮಾತಿಗೆ ಬೀಗ ತಾನಾಗಿಯೇ ಕಳಚಿ ಬಿತ್ತು ಎಂದು ಬರೆಯಲು ಈ ಲೇಖಕನ ಕೈ ತುರಿಸುತ್ತಿದೆ. ಬೀಗದ ಕೈ ಕೊಟ್ಟರು ಎಂದಷ್ಟೇ ಬರೆಯೋಣ. ಎದ್ದು ಹೋದ ಹೆಂಗಸರೆಲ್ಲ ಎರಡನೆಯ ಅವಧಿಗೆ ಮರಳಿ ಬಂದರು, ಬರುವಾಗ ನೆರೆಯವರನ್ನೂ ಕರೆತಂದರು.

ಅಲ್ಲಿಂದ ಮುಂದೆ ಅವರ ಕೆಲಸದ ರೀತಿಯೇ ಬದಲಾಯಿತು. ಪ್ರತಿ ಪಂದ್ಯಾವಳಿಯ ಹಿಂದಿನ ದಿನ ವಿದ್ಯಾರ್ಥಿಗಳಿಂದ ಒಂದು ಹುಸಿ ಪಂದ್ಯ ಆಡಿಸುವುದು. ಇನ್ನು ಕೆಲವರನ್ನು ಗಣ್ಯರೆಂದು ಸೋಫಾದಲ್ಲಿ ಕೂರಿಸುವುದು. ಆಮೇಲೆ ವರಲಕ್ಷ್ಮಮ್ಮನವರ ಜೊತೆ ಮೈದಾನದ ಒಂದೊಂದು ಮೂಲೆಯಲ್ಲೂ ಕೂತು, ನಿಂತು, ಬಿಸಿಲಿಗೆ ಕಣ್ಣು ಕಿರಿದು ಮಾಡಿ ನೋಡುವುದು. ಆಟಗಾರರಿಗೆ ಅಭ್ಯಾಸ ಬೇಕಾದಂತೆ ಮೈದಾನಕ್ಕೂ ಅಭ್ಯಾಸ ಬೇಕು ಎಂಬುದು ಅವರ ವಾದ. ಮೊದಲ ಸಲದ ಆ ಸಂಭಾಷಣೆಯನ್ನು ಈ ಲೇಖಕ ಪಕ್ಕದಲ್ಲೇ ನಿಂತು ಕೇಳಿದ್ದಾನೆ.

"ಕಾಣ್ತಾ ಇದ್ಯೇನಮ್ಮ?"

"ಬೆನ್ನು ಕಾಣ್ತೈತೆ."

"ಯಾರ ಬೆನ್ನು?"

"ಸೋಫಾದಾಗ್ ಕುಂತವ್ರದು. ಒಳ್ಳೆ ಅಗ್ಲವಾಗ್ ಐತೆ. ಆದ್ರೆ ಅದು ಆಟ ಆಡಾಕಿಲ್ವಲ್ಲ ತಾಯಿ!"

ಮರುದಿನ ಸೋಫಾಗಳು ಅಂಕಣದ ಬಳಿ ಇರಲಿಲ್ಲ. ಗ್ರಂಥಾಲಯದ ಎತ್ತರದ ಜಗಲಿಯ ಮೇಲೆ, ಹೂಮಾಲೆ ಇಳಿಬಿಟ್ಟು, "ವಿಶೇಷ ಗಣ್ಯರ ಜಗಲಿ" ಎಂದು ಬಣ್ಣದ ಬಟ್ಟೆಯಲ್ಲಿ ಬರೆಸಿ, ಅಲ್ಲಿ ಕೂರಿಸಿದ್ದರು. ಕೆಳಗಿನ ಸೋಫಾ ಕಳೆದುಕೊಂಡೆವೆಂದು ಒಬ್ಬ ಗಣ್ಯರಿಗೂ ಅನ್ನಿಸಲಿಲ್ಲ. ಮೇಲೇರಿದೆವೆಂದೇ ಎಲ್ಲರೂ ಭಾವಿಸಿದರು. ಕೆಳಗೆ ಅಂಕಣದ ಸುತ್ತ ಜಮಖಾನ ಹಾಸಿ ಅಜ್ಜ ಅಜ್ಜಿಯರನ್ನೂ ಮಕ್ಕಳನ್ನೂ ಕೂರಿಸಿದರು. ಅವರ ಹಿಂದೆ ತರಗತಿಗಳ ಗಿಡ್ಡ ಬೆಂಚು, ಅದರ ಹಿಂದೆ ಕುರ್ಚಿ, ಅದರ ಹಿಂದೆ ನಿಲ್ಲುವವರು. ಮಂಡಿ ನೋವಿನವರು ಮುಂದಿದ್ದರೆ ಅವರು ಏಳುವುದಿಲ್ಲ, ಅವರ ಮುಂದೆ ಯಾರಾದರೂ ನಿಂತರೆ ಅವರು ಬಿಡುವುದೂ ಇಲ್ಲ ಎಂಬುದು ರಾಧಾಮಣಿಯವರ ಲೆಕ್ಕಾಚಾರವಾಗಿತ್ತು. ಶಾಲುಗಳು ಆಟಕ್ಕೆ ಮೊದಲೇ ಹೆಗಲೇರಿದವು. ತಡವಾಗಿ ಬಂದವರಿಗೆ ಹೊರಡುವಾಗ ಕಾರಿನ ಬಳಿ ಹೊದಿಸಲಾಯಿತು. ಆ ವರ್ಷ ಜಮಖಾನದ ಮೇಲೆ ಕೂತ ಅಜ್ಜಿಯರ ಸೈನ್ಯ ಎಷ್ಟು ದೊಡ್ಡದಿತ್ತೆಂದರೆ, ಬಾಗಲೂರಿನಿಂದ ಜಕ್ಕೂರಿನವರೆಗೆ ಒಂದು ಮನೆಯಲ್ಲೂ ಮೊಮ್ಮಕ್ಕಳನ್ನು ನೋಡಿಕೊಳ್ಳುವವರು ಉಳಿದಿರಲಿಲ್ಲ.

ಈ ಲೇಖಕನ ಮೇಲೆ ಅವರು ಮಾಡಿದ ಉಪಕಾರವನ್ನೂ ಇಲ್ಲಿ ದಾಖಲಿಸಬೇಕು. ಗದಗದ ಕಡೆಯಿಂದ ಬಂದು ಈ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವ ಇವನು, ಪಂದ್ಯಾವಳಿಯಲ್ಲಿ ಮೈಕ್ ಹಿಡಿದು ವೀಕ್ಷಕ ವಿವರಣೆ ನೀಡುವವನೂ ಹೌದು. ಇವನ ವಿವರಣೆಯಲ್ಲಿ ರೈಡರ್ ಎಂದೂ ಬರೀ ಹೋಗುತ್ತಿರಲಿಲ್ಲ. ಹುಲಿಯಂತೆ ಹಾರಿ, ಮಿಂಚಿನಂತೆ ಮೂಡಿ, ಪ್ರಳಯದಂತೆ ಎರಗುತ್ತಿದ್ದ. ಆ ಕಾಲಕ್ಕೆ ಆರ್.ಟಿ. ನಗರದಿಂದ ಜೀಷಾನ್ ಎಂಬ ಯುವಕ ತನ್ನ ಅಣ್ಣನ ಕೈ ಹಿಡಿದು ಎರಡು ಬಸ್ಸು ಬದಲಿಸಿ ಪಂದ್ಯಕ್ಕೆ ಬರುತ್ತಿದ್ದ. ಹುಟ್ಟಿನಿಂದಲೇ ಅವನಿಗೆ ಕಣ್ಣು ಕಾಣುವುದಿಲ್ಲ. ಮೊಬೈಲ್ ಅಂಗಡಿಯಲ್ಲಿ ಕೈ ಬೆರಳಿನಿಂದಲೇ ಫೋನಿನ ರೋಗ ಕಂಡುಹಿಡಿಯುವ ಜಾಣ. ಒಂದು ಸಂಜೆ ಅವನು ನೇರ ಮೈಕಿನ ಕಟ್ಟೆಗೆ ಬಂದ.

"ಸಾರ್, ನಿಮ್ ಕನ್ನಡ ಸೂಪರ್. ಒಂದ್ ಡೌಟು. ಹುಲಿ ಎಡಕ್ಕೆ ಹೋಯ್ತಾ, ಬಲಕ್ಕೆ ಹೋಯ್ತಾ?"

ಈ ಲೇಖಕ ಮೈಕಿನ ಸ್ವಿಚ್ಚು ಆರಿಸಿದ. ಪಕ್ಕದಲ್ಲಿದ್ದ ರಾಧಾಮಣಿಯವರು ಹೊಟ್ಟೆ ಹಿಡಿದು ನಕ್ಕರು. ನಕ್ಕು ಮುಗಿಸಿದವರೇ ಆಜ್ಞೆ ಹೊರಡಿಸಿದರು. "ಶಿವಪ್ರಕಾಶ್, ನಾಳೆಯಿಂದ ಹುಲಿ ಸಿಂಹ ಎಲ್ಲ ಬನ್ನೇರುಘಟ್ಟಕ್ಕೆ ಕಳ್ಸಿಬಿಡಿ. ಯಾರು ಹೋದ್ರು, ಯಾವ ಕಡೆ ಹೋದ್ರು, ಎದುರುಗಡೆ ಎಷ್ಟ್ ಜನ ಉಳಿದ್ರು, ಅಷ್ಟ್ ಹೇಳಿ. ಆಮೇಲೆ ಟೈಮ್ ಮಿಕ್ಕಿದ್ರೆ ಪ್ರಳಯ ಮಾಡ್ಕೊಳ್ಳಿ."

ಅಷ್ಟಕ್ಕೇ ಬಿಡಲಿಲ್ಲ. ಮರುದಿನ ಈ ಲೇಖಕನ ಕಣ್ಣಿಗೆ ಟವೆಲ್ಲು ಕಟ್ಟಿ ಕುರ್ಚಿಯಲ್ಲಿ ಕೂರಿಸಿ, ಬೇರೊಬ್ಬರಿಗೆ ಇವನ ಧಾಟಿಯಲ್ಲೇ ವಿವರಣೆ ಹೇಳಲು ಹಚ್ಚಿದರು. ಕೇಳಿ ಮುಗಿದಾಗ ಯಾರು ಔಟಾದರೆಂಬುದು ಇವನಿಗೆ ಗೊತ್ತಿರಲಿಲ್ಲ. ಪ್ರಾಣಿಗಳ ಹೆಸರು ಮಾತ್ರ ನೆನಪಿತ್ತು. ಜೀಷಾನನಿಗೆ ಸ್ಪೀಕರಿನ ಪಕ್ಕ ಜಾಗ ಕೊಡೋಣವೇ ಎಂದು ರಾಧಾಮಣಿಯವರು ಕೇಳಿದಾಗ ಅವನು, "ಬೇಡ ಮೇಡಂ, ಗೆರೆ ಪಕ್ಕ ಕೊಡಿ. ಅಲ್ಲಿ ರೈಡರ್ ಉಸಿರು ಕೇಳ್ಸುತ್ತೆ," ಎಂದ. ಅಂದಿನಿಂದ ಜಮಖಾನದ ಮೊದಲ ತುದಿ ಅವನದಾಯಿತು. ಪಂದ್ಯ ಮುಗಿದ ಕೂಡಲೇ ಯಾವ ಕಡೆಯ ಬಸ್ಸು ಎಲ್ಲಿ ನಿಂತಿದೆಯೆಂದು ಮೈಕಿನಲ್ಲಿ ಹೇಳುವ ಪದ್ಧತಿ ಶುರುವಾದದ್ದೂ ಅವನೊಮ್ಮೆ ಬಸ್ಸು ತಪ್ಪಿಸಿಕೊಂಡ ಮೇಲೆಯೇ. ನೋಡಲು ಬಂದವನು ಮನೆಗೆ ತಲುಪಿದ ಮೇಲೆಯೇ ಪಂದ್ಯ ಮುಗಿಯಿತು ಎನ್ನುವುದು ಅವರ ಅಭಿಪ್ರಾಯ.

ಹೀಗೆ ಹೆಸರು ಹರಡುತ್ತ ಹೋದಂತೆ ಜನ ಹೆಚ್ಚುತ್ತ ಬಂದರು. ತಣಿಸಂದ್ರದ ಹೊಸ ಅಪಾರ್ಟ್‌ಮೆಂಟುಗಳವರು ಕಾರಿನಲ್ಲಿ ಬಂದರು, ಯಶವಂತಪುರದ ಹಮಾಲಿಗಳು ಲಾರಿ ಹತ್ತಿ ಬಂದರು. ಹೋದ ವರ್ಷದ ಅಂತಿಮ ಪಂದ್ಯದ ದಿನ ಒಂದೇ ಬಾಗಿಲಿನಲ್ಲಿ ಒಳಗೆ ಬರುವವರೂ ಹೊರಗೆ ಹೋಗುವವರೂ ಎದುರಾಬದುರಾಗಿ ನೂಕಾಟವಾಯಿತು. ಹಿರಿಯರೊಬ್ಬರು ಬಿದ್ದರು. ಕನ್ನಡಕ ಒಡೆಯಿತು, ಮೊಣಕೈ ತರಚಿತು, ಪುಣ್ಯಕ್ಕೆ ಅದಕ್ಕಿಂತ ಹೆಚ್ಚೇನೂ ಆಗಲಿಲ್ಲ. ಇದರಲ್ಲಿ ಮಾತ್ರ ಈ ಲೇಖಕ ಒಂದು ಅಕ್ಷರವನ್ನೂ ಹಿಗ್ಗಿಸಲಾರ. ಜನ ಸೇರುತ್ತಾರೆಂದರೆ ಸಂತೋಷಕ್ಕಿಂತ ಮೊದಲು ಎದೆ ಝಲ್ಲೆನ್ನುವ ಕಾಲವಿದು. ರಾಧಾಮಣಿಯವರು ಆ ಹಿರಿಯರ ಮನೆಗೆ ಹೋಗಿ ಹೊಸ ಕನ್ನಡಕ ಕೊಡಿಸಿ ಬಂದರು.

ಈ ವರ್ಷದ ಆಡಳಿತ ಮಂಡಳಿಯ ಸಭೆಯಲ್ಲಿ ಅಧ್ಯಕ್ಷರಾದ ಶ್ರೀ ವೀರಬಸಪ್ಪನವರು ವಿಷಯ ಎತ್ತಿದರು. ಬಾಗಲಕೋಟೆ ಸೀಮೆಯಿಂದ ಬಂದು ಪೀಣ್ಯದ ಕಾರ್ಖಾನೆಯಲ್ಲಿ ದುಡಿದು ಮೇಲೆ ಬಂದ ಮುತ್ಸದ್ದಿಗಳು. ಕೆಟ್ಟವರಲ್ಲ, ನಾಳೆ ಏನಾದರೂ ಆದರೆ ಪೊಲೀಸರ ಮುಂದೆ ನಿಲ್ಲಬೇಕಾದವರು.

"ಅಲ್ರೀ ಮೇಡಂ, ಮೊಬೈಲ್‌ನಾಗ ಲೈವ್ ಬಿಟ್ಟುಬಿಡೂಣು. ಮನ್ಯಾಗ ಕುಂತು ಚಹಾ ಕುಡಕೋತ ನೋಡ್ಲಿ ಮಂದಿ. ಗೇಟ್ ಹಾಕಿಬಿಡ್ರಿ. ಯಾಕ ಬೇಕು ಈ ಉಸಾಬರಿ?"

"ಲೈವ್ ಬಿಡಿ ಸಾರ್, ಬರೋಕಾಗದವರು ನೋಡ್ಲಿ. ಬರೋರಿಗೆ ಬಾಗಿಲು ಹಾಕ್ಬೇಡಿ."

"ಯಾರಿಗರ ಏನರ ಆದ್ರ? ಜವಾಬ್ದಾರಿ ಯಾರ್ದು?"

"ನಂದು."

"ನೀವೇನ್ ಎರಡ್ ತಿಂಗಳಿಗೆ ರಿಟೈರ್ ಆಗ್ತೀರಿ. ಆಮ್ಯಾಲೆ ಊರ್ ಮಂದಿ ನನ್ನ ಮನಿಗೆ ಬರ್ತಾರ."

ಮಾತು ನಿಜವೇ ಆಗಿತ್ತು. ರಾಧಾಮಣಿಯವರು ಸುಮ್ಮನೆ ಒಪ್ಪಿಕೊಂಡಿದ್ದರೆ ಬೀಳ್ಕೊಡುಗೆಯ ಹಾರ ಹಾಕಿಸಿಕೊಂಡು ನೆಮ್ಮದಿಯಿಂದ ಮನೆಗೆ ಹೋಗಬಹುದಿತ್ತು. ಅವರು ಕೇಳಿದ್ದು ಒಂದೇ ಒಂದು ಪಂದ್ಯ: ಈ ವರ್ಷದ ಅಂತಿಮ ಪಂದ್ಯವನ್ನು ಜನರ ಎದುರು ಆಡಿಸೋಣ, ಒಂದೇ ಒಂದು ನೂಕಾಟವಾದರೆ ಸಾಕು, ಮುಂದಿನ ವರ್ಷದಿಂದ ಬಾಗಿಲು ಮುಚ್ಚಿ, ನಾನೇ ಕೀಲಿ ಕೈ ತಂದುಕೊಡುತ್ತೇನೆ. ವೀರಬಸಪ್ಪನವರು ಗಲ್ಲ ತುರಿಸಿಕೊಂಡು, "ಆತು. ಒಂದಾ ಪಂದ್ಯ ನೋಡ್ರಿ," ಎಂದರು.

ಮುಂದಿನ ದಿನಗಳಲ್ಲಿ ರಾಧಾಮಣಿಯವರು ಊಟ ನಿದ್ದೆ ಬಿಟ್ಟರೆಂದು ಬರೆಯುವುದು ಇಂಥ ಬೀಳ್ಕೊಡುಗೆ ಲೇಖನಗಳ ವಾಡಿಕೆ. ಅವರು ಎರಡನ್ನೂ ಬಿಡಲಿಲ್ಲ, ಬದಲಿಗೆ ಊಟದ ಡಬ್ಬಿಯನ್ನೇ ಮೈದಾನಕ್ಕೆ ತಂದರು. ಹಿಂಬದಿಯ ಗೇಟು ಪೊದೆ ಬೆಳೆದು ಮರೆತೇ ಹೋಗಿತ್ತು. ಅದನ್ನು ಬಿಡಿಸಿ ಹೊರಹೋಗುವ ದಾರಿ ಮಾಡಿದರು. ಮುಂಬಾಗಿಲಿನಲ್ಲಿ ಒಳಬರುವುದು ಮಾತ್ರ. ಶಾಮಿಯಾನದವರು ಎಂದಿನಂತೆ ಸುತ್ತಲೂ ಪರದೆ ಕಟ್ಟಲು ಬಂದಾಗ ತಡೆದು ನಿಲ್ಲಿಸಿದರು.

"ಪರದೆ ಬೇಡ ಕಣ್ರಪ್ಪ. ಒಳಗೆ ಏನಾಗ್ತಿದೆ ಅಂತ ಕಾಣದೇ ಇರೋನೇ ತಳ್ಳೋದು. ಕಂಡ್ರೆ ನಿಂತ್ಕೋತಾನೆ."

ಆದ್ದರಿಂದ ಕಾಂಪೌಂಡಿನ ಸರಳುಗಳ ಆಚೆ ರಸ್ತೆಯಲ್ಲಿ ನಿಂತವರಿಗೂ ಅಂಕಣ ಕಾಣುವಂತಾಯಿತು. ಅಂಕಗಳ ಹಲಗೆಯೊಂದನ್ನು ರಸ್ತೆಯ ಕಡೆಗೂ ತೂಗುಹಾಕಿದರು. ಜಾಗ ತುಂಬಿದ ಮೇಲೆ ಬಂದವರಿಗೆ ಬಾಗಿಲಿನಲ್ಲಿ ಇಲ್ಲವೆನ್ನುವ ಬದಲು ಬಸ್ ನಿಲ್ದಾಣದಲ್ಲೇ ವಿಷಯ ತಿಳಿಸಲು ವಿದ್ಯಾರ್ಥಿಗಳನ್ನು ನಿಲ್ಲಿಸಿದರು. ವರಲಕ್ಷ್ಮಮ್ಮನವರನ್ನು ಕರೆದುಕೊಂಡು ಹಿಂದಿನ ದಿನದ ಸುತ್ತು ಮುಗಿಸಿದರು. ಈಗ ಆ ತಾಯಿಯ ಬೆನ್ನು ಇನ್ನಷ್ಟು ಬಾಗಿತ್ತು, ನಾಲಿಗೆ ಮಾತ್ರ ನೆಟ್ಟಗಿತ್ತು.

ಅಂತಿಮ ಪಂದ್ಯದ ಸಂಜೆ ಜನಸಾಗರವೆಂದರೆ ಸಾಗರಕ್ಕೆ ಅವಮಾನ. ಭೂಮಿ ತುಸು ಆ ಕಡೆಗೆ ವಾಲಿತ್ತೆಂದು ತಿಳಿದವರು ಹೇಳುತ್ತಾರೆ. ಮಹಿಳೆಯರ ಅಂತಿಮ ಪಂದ್ಯ. ಒಂದು ಕಡೆ ನಮ್ಮ ಕಾಲೇಜು, ಇನ್ನೊಂದು ಕಡೆ ದೊಡ್ಡಬಳ್ಳಾಪುರದ ಹುಡುಗಿಯರು. ಆಟ ಹೆಗಲಿಗೆ ಹೆಗಲು ಕೊಟ್ಟು ಸಾಗಿ, ಅಂಕಗಳು ಸಮನಾಗಿ, ಕಡೆಯ ರೈಡು ನಮ್ಮ ಪಾಲಿಗೆ ಉಳಿಯಿತು. ಅಂತಿಮ ವರ್ಷದ ಬಿ.ಕಾಂ. ಓದುತ್ತಿದ್ದ ಸ್ನೇಹಾ ಗೆರೆ ಮುಟ್ಟಿ ನಮಸ್ಕರಿಸಿ ದಾಟಿದಳು.

ಅನಾಹುತ ಶುರುವಾದದ್ದು ಆಗ. ಅದೂ ಯಾರೂ ನಿರೀಕ್ಷಿಸದ ದಿಕ್ಕಿನಿಂದ. ಗಣ್ಯರ ಜಗಲಿಯ ಮೇಲಿದ್ದ ವೀರಬಸಪ್ಪನವರಿಗೆ ಕೂರಲಾಗಲಿಲ್ಲ. ಪಂಚೆಯ ಚುಂಗು ಎತ್ತಿ ಹಿಡಿದು ಮೆಟ್ಟಿಲಿಳಿದು ಸೀದಾ ಅಂಕಣದ ಗೆರೆಯ ಬಳಿ ಬಂದು ನಿಂತುಬಿಟ್ಟರು. ಅಧ್ಯಕ್ಷರು ನಡೆದರೆಂದು ಅವರ ಹಿಂದಿನವರೆಲ್ಲ ನಡೆದು ಬಂದರು. ಅವರ ಬೆನ್ನು ಕಂಡು ಬೆಂಚಿನವರು ಎದ್ದರು, ಬೆಂಚಿನವರನ್ನು ಕಂಡು ಕುರ್ಚಿಯವರು ಕುರ್ಚಿಯ ಮೇಲೆ ಹತ್ತಿದರು, ಹಿಂದೆ ನಿಂತಿದ್ದವರು ಒಂದು ಹೆಜ್ಜೆ ಮುಂದೆ ಬಂದರು. ಜನರ ಸದ್ದಿನ ಬಣ್ಣವೇ ಬದಲಾಯಿತು. ಬಾಗಿಲು ಮುಚ್ಚಬೇಕೆಂದವರೇ, ತಮಗೆ ಗೊತ್ತಿಲ್ಲದೆ, ಅದನ್ನು ಮುಚ್ಚಿಸಲು ಹೊರಟಿದ್ದರು.

ಕೆಳಗಿನಿಂದ ಒಂದು ಕೈ ಅವರ ಶಲ್ಯದ ತುದಿ ಹಿಡಿದು ಜಗ್ಗಿತು. ವರಲಕ್ಷ್ಮಮ್ಮನವರ ಕೈ.

"ಯಜಮಾನ್ರೇ, ಕುಂತ್ಕಳಿ. ಇಂದ್ಗಡೆ ಪರ್ಪಂಚ ಐತೆ."

"ಒಂದ್ ನಿಮಿಷ ತಾಯಿ, ಒಂದಾ ನಿಮಿಷ..."

"ಒಂದ್ ನಿಮಿಷ್ದಾಗೆ ಆಟಾನೇ ಮುಗ್ದೋಯ್ತದೆ. ಕುಂತ್ಕಳಪ್ಪೋ!"

ಆ ಕೂಗಿಗೆ ಅಧ್ಯಕ್ಷರು ಬಿಳಿ ಪಂಚೆಯೊಡನೆ ಧೊಪ್ಪನೆ ಜಮಖಾನದ ಮೇಲೆ ಕೂತರು. ಅವರು ಕೂತರೆಂದು ಹಿಂಬಾಲಕರು ಕೂತರು. ಬೆಂಚು ಕೂತಿತು. ಕುರ್ಚಿ ಇಳಿಯಿತು. ಹಿಂದೆ ನಿಂತಿದ್ದವರ ಕಣ್ಣಿಗೆ ಮತ್ತೆ ಅಂಕಣ ಬಿತ್ತು. ಮುಂದಿಟ್ಟ ಹೆಜ್ಜೆ ತಾನಾಗಿ ಹಿಂದೆ ಸರಿಯಿತು. ವೀರಬಸಪ್ಪನವರು ಏನೋ ಹೇಳಲು ಬಾಯಿ ತೆರೆದಾಗ ಪಕ್ಕದಲ್ಲಿದ್ದ ಜೀಷಾನ್, ಅವರು ಯಾರೆಂದು ತಿಳಿಯದೆ, ತೊಡೆಯ ಮೇಲೆ ಕೈಯಿಟ್ಟು, "ಅಂಕಲ್, ಮಾತಾಡ್ಬೇಡಿ. ಕೇಳ್ಸ್ಕೊಳ್ಳಿ," ಎಂದ.

ಅವರು ಕೇಳಿಸಿಕೊಂಡರು. ಸ್ನೇಹಾಳ ಉಸಿರು ಎಡದಿಂದ ಬಲಕ್ಕೆ ಹೋಯಿತು, ಬಲದ ಮೂಲೆಯಲ್ಲಿ ಒಬ್ಬಳನ್ನು ಮುಟ್ಟಿತು, ತಿರುಗಿತು, ಮಧ್ಯರೇಖೆಗೆ ಒಂದು ಗೇಣು ಇದೆಯೆನ್ನುವಾಗ ನಾಲ್ಕು ಜನರ ಕೆಳಗೆ ಸಿಕ್ಕಿ ನಿಂತುಹೋಯಿತು. ನಾವು ಸೋತೆವು. ಎರಡೂ ತಂಡಗಳಿಗೆ ಬಿದ್ದ ಚಪ್ಪಾಳೆಗೆ ನಂದಿಬೆಟ್ಟದ ಮೇಲಿನ ಮೋಡ ಚದುರಿ, ಬೆಟ್ಟ ನೋಡಲು ಹೋದವರಿಗೆ ಅಂದು ಊರೆಲ್ಲ ಕಂಡಿತು. ಜನ ಹಿಂಬಾಗಿಲಿನಿಂದ, ಸೋತ ಆಟವನ್ನು ಮತ್ತೆ ಮತ್ತೆ ಆಡಿ ತೋರಿಸುತ್ತ, ನಿಧಾನವಾಗಿ ಹೊರಗೆ ಹೋದರು. ಯಾರೂ ಬೀಳಲಿಲ್ಲ.

ಪಂಚೆಯ ಧೂಳು ಕೊಡವುತ್ತ ವೀರಬಸಪ್ಪನವರು ಹೇಳಿದ ಮಾತು ನಮ್ಮ ಕಾಲೇಜಿನ ಇತಿಹಾಸದಲ್ಲಿ ಉಳಿಯಬೇಕಾದದ್ದು: "ಮ್ಯಾಲ ಕುಂತ್ರ ಎಲ್ಲಾ ಕಾಣ್ತದ್ರೀ, ಖರೆ. ಆದ್ರ ಆ ಹುಡುಗಿ ಉಸರು ಕೇಳಿದ್ದು ಇಲ್ಲಿ. ಮೊಬೈಲ್‌ನಾಗ ಅದು ಹ್ಯಾಂಗ ಬರ್ತದ? ಗೇಟ್ ತೆರದಾ ಇರ್ಲಿ. ಮೊದಲು ನನ್ನಂಥವ್ರನ್ನ ಕಟ್ಟಿ ಕುಂದ್ರಸ್ರಿ."

ಆ ಕಡೆಯ ರೈಡಿನ ಹೊತ್ತಿನಲ್ಲಿ ರಾಧಾಮಣಿಯವರು ಅಂಕಣದ ಅಂಚಿನಲ್ಲಿ ನಿಂತು ಎವೆಯಿಕ್ಕದೆ ನೋಡುತ್ತಿದ್ದರು. ಸ್ನೇಹಾ ಎದುರಾಳಿಯನ್ನು ಮುಟ್ಟಿದಾಗ ಆಳೆತ್ತರ ಜಿಗಿದರು. ಅವಳು ಸಿಕ್ಕಿಬಿದ್ದಾಗ ಅವರ ಕಣ್ಣಿನಿಂದ ಹರಿದ ನೀರಿಗೆ ಯಲಹಂಕದ ಕೆರೆ ಕೋಡಿ ಬಿತ್ತು.

ಲೇಖನವನ್ನು ಇಲ್ಲಿಗೆ ತಂದು ನಿಲ್ಲಿಸಿ, ಸೇವೆಯ ವಿವರಗಳಲ್ಲಿ ತಪ್ಪಿದ್ದರೆ ತಿದ್ದಲೆಂದು ಸನ್ಮಾನಿತರಿಗೇ ತೋರಿಸಿದ್ದು ಈ ಲೇಖಕನ ಬುದ್ಧಿಗೇಡಿತನ. ಅವರು ಸಿಬ್ಬಂದಿ ಕೊಠಡಿಯಲ್ಲಿ ಕೂತು ಓದಿದರು. ಮೊದಲ ಪುಟದಿಂದಲೇ ನಗುತ್ತಿದ್ದವರು ಕಡೆಯ ಪುಟಕ್ಕೆ ಬಂದಾಗ ನಗು ನಿಲ್ಲಿಸಿದರು.

"ಶಿವಪ್ರಕಾಶ್, ಇದೇನ್ರೀ ಇದು? ನಾನ್ ಜಿಗಿದ್ನಾ?"

"ಸ್ವಲ್ಪ ಅಲಂಕಾರ ಮೇಡಂ. ಉಳಿದದ್ದಕ್ಕೆಲ್ಲ ನೀವು ಏನೂ ಅನ್ಲಿಲ್ಲಲ್ರಿ?"

"ಉಳಿದಿದ್ದೆಲ್ಲ ಇರ್ಲಿ ಬಿಡಿ, ಯಾರೂ ನಂಬಲ್ಲ. ಇದನ್ನ ನಂಬಿಬಿಡ್ತಾರೆ. ನಾನ್ ಆ ರೈಡ್ ನೋಡೇ ಇಲ್ಲ, ನಿಮಗ್ ಗೊತ್ತಿಲ್ವಾ?"

ಗೊತ್ತಿತ್ತು. ಮೈಕಿನ ಕಟ್ಟೆ ಎತ್ತರದಲ್ಲಿದೆ. ಅಲ್ಲಿಂದ ಎಲ್ಲವೂ ಕಾಣುತ್ತದೆ. ಸಿಕ್ಕಿಬಿದ್ದವನಾಗಿ ಈ ಲೇಖಕ ಈಗ ಕಂಡದ್ದನ್ನಷ್ಟೇ ಬರೆಯುತ್ತಾನೆ. ಆ ಹೊತ್ತಿನಲ್ಲಿ ರಾಧಾಮಣಿಯವರು ಹಿಂಬಾಗಿಲಿನ ಬಳಿ, ಅಂಕಣಕ್ಕೆ ಬೆನ್ನು ಮಾಡಿ, ಎರಡೂ ತೋಳು ಅರ್ಧ ಚಾಚಿ, ಜನರ ಕಡೆಗೆ ಮುಖ ಮಾಡಿ ನಿಂತಿದ್ದರು. ಹಿಂದಿನವರು ಒಂದು ಹೆಜ್ಜೆ ಮುಂದಿಟ್ಟಾಗ ಆ ತೋಳುಗಳು ಪೂರ್ತಿ ಚಾಚಿದವು. ಆ ಹೆಜ್ಜೆ ಹಿಂದೆ ಹೋದಾಗಲೂ ಅವರು ತಿರುಗಲಿಲ್ಲ. ಸ್ನೇಹಾಳ ರೈಡು ಅವರಿಗೆ ಕಂಡದ್ದು ಎದುರಿಗಿದ್ದವರ ಮುಖಗಳ ಮೇಲೆ ಮಾತ್ರ. ಎಲ್ಲ ಮುಗಿದ ಮೇಲೆ ಹತ್ತಿರವಿದ್ದ ಹೆಂಗಸನ್ನು, "ಯಾರ್ ಗೆದ್ರಮ್ಮ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಗೇಟಿನ ಅಗುಳಿ ತೆಗೆಯಲು ಹೋದರು. ಅಳಲಿಲ್ಲ, ಜಿಗಿಯಲಿಲ್ಲ.

"ಇಷ್ಟು ವರ್ಷದಾಗ ಪೂರ್ತಿ ನೋಡಿದ ಪಂದ್ಯ ಯಾವ್ದು ಮೇಡಂ?" ಎಂದು ಅಂದು ಸಿಬ್ಬಂದಿ ಕೊಠಡಿಯಲ್ಲಿ ಕೇಳಿದ್ದಾಯಿತು.

"ಪೂರ್ತಿನಾ? ಒಂದೂ ಇಲ್ಲ ಅನ್ಸುತ್ತೆ ಕಣ್ರೀ." ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುತ್ತ, "ಒಂದ್ಸಲ ನೋಡ್ಬೇಕು. ಚೆನ್ನಾಗಿರುತ್ತೆ ಅಂತಾರೆ ಎಲ್ರೂ," ಎಂದರು.

ಯಲಹಂಕಕ್ಕೆಲ್ಲ ಆಟ ತೋರಿಸಿದ ಈ ನಮ್ಮ ಹಿರಿಯ ಸಹೋದ್ಯೋಗಿಗೆ ಆಯುಸ್ಸು, ಆರೋಗ್ಯ, ಗಟ್ಟಿ ಮಂಡಿಗಳು ಬಹುಕಾಲ ಇರಲಿ. ಮೈದಾನವನ್ನು ಹಿಂದಿನ ದಿನವೇ ಕೂತು ಪರೀಕ್ಷಿಸುವ ಅವರ ವಿದ್ಯೆ ಬೇರೆ ಊರುಗಳ ಮೈದಾನಗಳಿಗೂ ಸಲ್ಲಲಿ. ಕರೆದವರಿಗೆಲ್ಲ ಹೋಗಿ ಹೇಳಿಕೊಡುವ ಹುಮ್ಮಸ್ಸು ಅವರಿಗಿದೆ. ಆದರೆ ಬರುವ ವರ್ಷ ನಮ್ಮ ಅಂತಿಮ ಪಂದ್ಯದ ಸಂಜೆ ಅವರು ಎಲ್ಲಿಗೂ ಹೋಗದೆ, ಕೊರಳಲ್ಲಿ ಸೀಟಿಯಿಲ್ಲದೆ, ಮುಂಬಾಗಿಲಿನಿಂದ ಎಲ್ಲರಂತೆ ಒಳಗೆ ಬಂದು, ಮೊದಲ ರೈಡಿನಿಂದ ಕಡೆಯ ರೈಡಿನವರೆಗೆ ಕೂತು ನೋಡಲಿ. ಆ ಸಂಜೆ ಆಟಕ್ಕೆ ಬೆನ್ನು ಮಾಡಿ ಜನರ ಕಡೆ ಮುಖವಿಟ್ಟು ನಿಲ್ಲಲು ಅಧ್ಯಾಪಕರು ಕೆಲವರು ಈಗಲೇ ಹೆಸರು ಕೊಟ್ಟಿದ್ದೇವೆ. ಮೈಕನ್ನು ಬೇರೊಬ್ಬರಿಗೆ ಒಪ್ಪಿಸಿ ಈ ಲೇಖಕನೂ ಹಿಂಬಾಗಿಲಿನ ಬಳಿ ನಿಲ್ಲುತ್ತಾನೆ. ಇದು ಮಾತ್ರ, ಅಕ್ಷರಶಃ, ಇದ್ದದ್ದು ಇದ್ದ ಹಾಗೆ.